ಈಸ್ಟರ್ ರಜೆಯಲ್ಲಿ ಲೀಡ್ಸ್‌ನ ಗೆಳೆಯರ ಮನೆಗೆ: ಹೋಗುವುದು ಹೇಗೆ, ಇರುವುದು ಹೇಗೆ?

ಜರ್ಮನಿ, ನೆದರ್‌ಲೆಂಡ್ಸ್ ಕಡೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಈಸ್ಟರ್ ಹೊತ್ತಿಗೆ ಕೆಲವು ದಿನ ಬಿಡುವು ಸಿಗುತ್ತದೆ. ಊರಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯರು ಉತ್ತರ ಇಂಗ್ಲೆಂಡಿನ ಲೀಡ್ಸ್‌ನಲ್ಲೋ, ಮ್ಯಾಂಚೆಸ್ಟರ್‌ನಲ್ಲೋ, ನ್ಯೂಕ್ಯಾಸಲ್‌ನಲ್ಲೋ ಕೆಲಸದಲ್ಲಿರುತ್ತಾರೆ. 'ಬಾರೋ, ಒಂದು ವಾರ ಇದ್ದು ಹೋಗು' ಅನ್ನುತ್ತಾರೆ.

ನಾನು ಜರ್ಮನಿಯಲ್ಲಿ ಓದುವಾಗ ಹೀಗೆ ಎರಡು ಸಲ ಲೀಡ್ಸ್‌ಗೆ ಹೋದೆ. ಮೊದಲ ಸಲ 7 ದಿನಕ್ಕೆ 6 ಊರು ಪಟ್ಟಿ ಮಾಡಿಕೊಂಡಿದ್ದೆ. ಗೆಳೆಯನೂ ಅವನ ಹೆಂಡತಿಯೂ ಏಳುವ ಮುಂಚೆ ಹೊರಟು, ಅವರು ಮಲಗುವ ಹೊತ್ತಿಗೆ ಬರುತ್ತಿದ್ದೆ. ಫೋಟೋ ಬೇಕಾದಷ್ಟು ಸಿಕ್ಕವು, ಮಾತಾಡೋಕೆ ಮಾತ್ರ ಆಗಲೇ ಇಲ್ಲ. ಎರಡನೇ ಸಲ ಅವರ ಮನೆಯಲ್ಲೇ ನೆಲೆಯಾಗಿದ್ದು, ಅವರ ದಿನಚರಿಗೆ ಹೊಂದಿಕೊಂಡು ಓಡಾಡಿದೆ. ಕೆಳಗಿನ ಹೆಜ್ಜೆಗಳೆಲ್ಲ ಆ ಎರಡನೇ ಸಲದ್ದು.

ಹೆಜ್ಜೆ 1: ದಿನ ಗೊತ್ತು ಮಾಡಿಕೊಳ್ಳಿ

ನಮ್ಮ ಯುಗಾದಿಯ ಹಾಗೆ ಈಸ್ಟರ್ ಕೂಡ ಚಂದ್ರನ ಲೆಕ್ಕದ ಹಬ್ಬ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದು, ಮುಂದಿನ ಭಾನುವಾರ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವಾಗ ಬೇಕಾದರೂ ಬರಬಹುದು. ಗುಡ್ ಫ್ರೈಡೇ ಮತ್ತು ಈಸ್ಟರ್ ಸೋಮವಾರ ಎರಡೂ ಇಂಗ್ಲೆಂಡಿನಲ್ಲಿ ಸರ್ಕಾರಿ ರಜೆ. ಅಂದರೆ ಗೆಳೆಯರಿಗೆ 4 ದಿನ ಒಟ್ಟಿಗೆ ಬಿಡುವು. ಈ 4 ದಿನ ನಿಮ್ಮ ಪ್ರವಾಸದ ಮಧ್ಯದಲ್ಲಿ ಬೀಳುವ ಹಾಗೆ ನೋಡಿಕೊಳ್ಳಿ. ಅಲ್ಲಿನವರು ರಜೆಯನ್ನು ತಿಂಗಳುಗಟ್ಟಲೆ ಮುಂಚೆಯೇ ಗೊತ್ತು ಮಾಡುತ್ತಾರೆ. ಜನವರಿಯಲ್ಲೇ ಕೇಳಿಬಿಡಿ.

ಹೆಜ್ಜೆ 2: ವೀಸಾ

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಇರಲಿ, ಜರ್ಮನಿಯಲ್ಲಿ ವಾಸಕ್ಕೆ ಕೊಡುವ ರೆಸಿಡೆನ್ಸ್ ಪರ್ಮಿಟ್ ಇರಲಿ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವಿಸಿಟರ್ ವೀಸಾ ಬೇರೆಯಾಗಿಯೇ ಬೇಕು. ಹೊರಡುವ ದಿನಕ್ಕೆ 3 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಉತ್ತರಕ್ಕೆ ಸಾಮಾನ್ಯವಾಗಿ 3 ವಾರ ಹಿಡಿಯುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ನೀವು ಓದುತ್ತಿದ್ದೀರಿ ಅನ್ನುವುದಕ್ಕೆ ವಿಶ್ವವಿದ್ಯಾಲಯದ ಪತ್ರ ಇರಲಿ. ಗೆಳೆಯರಿಂದ ಒಂದು ಆಹ್ವಾನದ ಪತ್ರ ತರಿಸಿಕೊಳ್ಳಿ. ನಿಮ್ಮ ಪರಿಚಯ ಎಷ್ಟು ವರ್ಷದ್ದು, ಯಾವ ವಿಳಾಸದಲ್ಲಿ ಇರುತ್ತೀರಿ, ಯಾವ ದಿನದಿಂದ ಯಾವ ದಿನದವರೆಗೆ ಇಷ್ಟನ್ನು ಸರಳವಾಗಿ ಬರೆದರೆ ಸಾಕು. ವಾಪಸ್ ಬರುವಾಗ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಬೇಕೇ ಬೇಕು. ಅದನ್ನು ರೂಮಿನಲ್ಲಿ ಬಿಟ್ಟು ಹೊರಡಬೇಡಿ.

ಹೆಜ್ಜೆ 3: ದಾರಿ

ವಿಮಾನವಾದರೆ ಮ್ಯಾಂಚೆಸ್ಟರ್ ಒಳ್ಳೆಯದು. ನಿಲ್ದಾಣದ ಪಕ್ಕದಲ್ಲೇ ರೈಲು ಸಿಗುತ್ತದೆ. ನನಗೆ ಇಷ್ಟವಾದ ದಾರಿ ಮಾತ್ರ ಹಡಗು. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಇಂಗ್ಲೆಂಡಿನ ಹಲ್ ಎಂಬ ಬಂದರು. ಅಲ್ಲಿಂದ ಲೀಡ್ಸ್‌ಗೆ ರೈಲಿನಲ್ಲಿ ಸುಮಾರು 1 ಗಂಟೆ. ನ್ಯೂಕ್ಯಾಸಲ್‌ಗೆ ಹೋಗುವವರಿಗೆ ಆಮ್‌ಸ್ಟರ್‌ಡ್ಯಾಮ್ ಹತ್ತಿರದಿಂದ ಇಂಥದ್ದೇ ರಾತ್ರಿ ಹಡಗಿದೆ.

ಲಂಡನ್ನಿನಿಂದ ಬರುವುದಾದರೆ ಕಿಂಗ್ಸ್ ಕ್ರಾಸ್ ಸ್ಟೇಷನ್‌ನಿಂದ ಲೀಡ್ಸ್ ಹತ್ತಿರದ ಯಾರ್ಕ್‌ಗೆ 2 ಗಂಟೆ, ನ್ಯೂಕ್ಯಾಸಲ್‌ಗೆ 3 ಗಂಟೆ. ಅಡ್ವಾನ್ಸ್ ಟಿಕೆಟ್ ಸುಮಾರು 12 ವಾರ ಮುಂಚೆ ಬಿಡುತ್ತಾರೆ. ಆಗ ತೆಗೆದುಕೊಂಡರೆ ತುಂಬಾ ಉಳಿತಾಯ. 16ರಿಂದ 25 ವರ್ಷದವರಿಗೆ ರೈಲ್‌ಕಾರ್ಡ್ ಇದ್ದರೆ ಮೂರನೇ ಒಂದು ಭಾಗ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ. ಹಳಿಗಳ ರಿಪೇರಿಯನ್ನು ಈಸ್ಟರ್ ರಜೆಗೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಜನ ಕೆಲಸಕ್ಕೆ ಹೋಗದ ದಿನ ನೋಡಿ ಹಳಿ ಮುಚ್ಚುತ್ತಾರೆ. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲಿ ರೈಲಿನಿಂದ ಇಳಿಸಿ ಬಸ್ಸಿಗೆ ಹತ್ತಿಸಿದರು. ಗೆಳೆಯ ಸ್ಟೇಷನ್‌ನಲ್ಲಿ ಎರಡು ಗಂಟೆ ಚಳಿಯಲ್ಲಿ ನಿಂತಿದ್ದ. ಆದಷ್ಟು ಗುಡ್ ಫ್ರೈಡೇಗೆ ಮುಂಚಿನ ಬುಧವಾರವೇ ತಲುಪಿಬಿಡಿ.

ಹೆಜ್ಜೆ 4: ಚೀಲ

ಏಪ್ರಿಲ್‌ನಲ್ಲಿ ಹಗಲು 12-13 ಡಿಗ್ರಿ, ರಾತ್ರಿ 4-5 ಡಿಗ್ರಿ. ಬಿಸಿಲು, ಮಳೆ, ಗಾಳಿ ಎಲ್ಲ ಒಂದೇ ದಿನ ಬರಬಹುದು. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ಹಾಕುವ ಬಟ್ಟೆ, ಮಳೆ ಜಾಕೆಟ್ ಮತ್ತು ನೀರು ಹಿಡಿಯದ ಶೂ ಜಾಸ್ತಿ ಉಪಯೋಗ.

ಊರಿನಿಂದ ಅಮ್ಮ ಕಳಿಸಿದ ತಿಂಡಿಯಲ್ಲಿ ಯಾವುದನ್ನು ಒಯ್ಯಬಹುದು ಅನ್ನುವುದನ್ನು ಮೊದಲೇ ನೋಡಿಕೊಳ್ಳಿ. ಭಾರತದಂಥ, ಯುರೋಪಿನ ಹೊರಗಿನ ದೇಶಗಳಿಂದ ಬ್ರಿಟನ್ನಿಗೆ ಹಾಲಿನ ಪದಾರ್ಥ ಮತ್ತು ಮಾಂಸ ತರುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಯುರೋಪಿನಿಂದ ಬರುವವರಿಗೂ ಚೀಸ್, ಬೆಣ್ಣೆ, ಹಂದಿ-ದನ-ಕುರಿ ಮಾಂಸ ನಿಲ್ಲಿಸಿದರು. ಕಾಲುಬಾಯಿ ರೋಗದ ಭಯ ಅದಕ್ಕೆ ಕಾರಣ. ಧಾರವಾಡ ಪೇಡ ಬೇಡ, ಅದು ಪೂರ್ತಿ ಹಾಲಿನದ್ದು. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ತುಂಬಿಕೊಳ್ಳಿ. ಗೆಳೆಯರ ಮುಖ ಅರಳೋಕೆ ಅಷ್ಟು ಸಾಕು.

ಹೆಜ್ಜೆ 5: ಮನೆಯಲ್ಲಿ

ಇದಕ್ಕೇ ಅಲ್ವಾ ನಾವು ಹೋಗುವುದು? ಲೀಡ್ಸ್‌ನ ಎಷ್ಟೋ ಮನೆಗಳು ಕೆಂಪು ಇಟ್ಟಿಗೆಯ ಸಾಲು ಮನೆಗಳು. ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ರಾತ್ರಿ ನಗು, ಮಾತು ಪಕ್ಕದ ಮನೆಗೂ ಕೇಳುತ್ತದೆ. ದನಿ ತಗ್ಗಿಸಿ.

ಬಚ್ಚಲಿನ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತೇನೆ. ಅಲ್ಲಿ ನೆಲದಲ್ಲಿ ನೀರು ಹೋಗುವ ತೂತು ಇರುವುದಿಲ್ಲ. ನೀರು ಹೊರಗೆ ಚೆಲ್ಲಿದರೆ ಕೆಳಗಿನ ಕೋಣೆಯ ಸೂರಿಗೆ ಇಳಿದು ಕಲೆಯಾಗುತ್ತದೆ. ಬಾಡಿಗೆ ಮನೆಯಾದರೆ ಗೆಳೆಯರು ದುಡ್ಡು ಕಟ್ಟಬೇಕಾಗಬಹುದು. ಪರದೆಯನ್ನು ಟಬ್ಬಿನ ಒಳಗೆ ಬಿಟ್ಟುಕೊಂಡು ಸ್ನಾನ ಮಾಡಿ, ಕೊನೆಗೆ ನೆಲ ಒರೆಸಿ ಬನ್ನಿ.

ಹೀಟರ್ ಗುಂಡಿಯನ್ನು ಕೇಳದೆ ಮುಟ್ಟಬೇಡಿ. ಗ್ಯಾಸಿನ ಬಿಲ್ಲು ಅಲ್ಲಿ ದೊಡ್ಡ ಖರ್ಚು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಹಾಕುವವರೇ ಹೆಚ್ಚು. ಒಂದು ಸ್ವೆಟರ್, ಕಾಲುಚೀಲ ಹಾಕಿಕೊಂಡು ಕೂತರಾಯಿತು. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆದು, ಅಡುಗೆಮನೆ ಬಾಗಿಲು ಮುಚ್ಚಿ. ಒಣಮೆಣಸಿನಕಾಯಿಯ ಘಾಟು ಸಾಕು, ಹೊಗೆ ಅಲಾರಂ ಕಿರುಚೋಕೆ.

ಅಲ್ಲಿ ಮನೆಗೆಲಸಕ್ಕೆ ಯಾರೂ ಬರುವುದಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ನೀವು ಸುಮ್ನೆ ಕೂತರೆ ಅದು ಭಾರವೇ. ಪಾತ್ರೆ ತೊಳೆಯಿರಿ, ಯಾವ ಕಸ ಯಾವ ಡಬ್ಬಕ್ಕೆ ಅಂತ ಕೇಳಿಕೊಳ್ಳಿ. ಒಂದು ರಾತ್ರಿ ಅಡುಗೆ ಪೂರ್ತಿ ನಿಮ್ಮದಾಗಲಿ. ನಾನು ಬಿಸಿಬೇಳೆಬಾತ್ ಮಾಡಿದ ದಿನ ಮೂವರೂ ಊಟದ ಮೇಜಿನಿಂದ ಏಳುವಾಗ ಹನ್ನೆರಡು ದಾಟಿತ್ತು. ಈಸ್ಟರ್ ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಕಾನೂನಿನ ಪ್ರಕಾರ ಮುಚ್ಚಿರುತ್ತವೆ. ಸಾಮಾನು ಶನಿವಾರವೇ ತನ್ನಿ.

ಪಕ್ಕದ ಮನೆಯವರು 'ಟೀಗೆ ಬನ್ನಿ' ಅಂದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ಉತ್ತರ ಇಂಗ್ಲೆಂಡಿನಲ್ಲಿ ಎಷ್ಟೋ ಜನಕ್ಕೆ ಟೀ ಅಂದರೆ ಸಂಜೆಯ ಊಟ. ಅಂಗಡಿಯಲ್ಲಿ ಅಪರಿಚಿತರು 'ಲವ್' ಅಂತ ಕರೆದರೆ ಗಾಬರಿ ಬೇಡ. ನಮ್ಮ ಕಡೆ 'ಏನಮ್ಮಾ', 'ಏನಪ್ಪಾ' ಅಂದ ಹಾಗೆ. ಬಸ್ಸಿನಿಂದ ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುವುದು ಅಲ್ಲಿನ ಅಭ್ಯಾಸ. ನೀವೂ ಹೇಳಿ.

ಹೆಜ್ಜೆ 6: ಸುತ್ತಾಟ

ದಿನಕ್ಕೆ ಒಂದೇ ಜಾಗ. ಗೆಳೆಯರು ಕೆಲಸಕ್ಕೆ ಹೋದ ದಿನ ಒಬ್ಬರೇ ಯಾರ್ಕ್‌ಗೆ ಹೋಗಿಬನ್ನಿ. ಲೀಡ್ಸ್‌ನಿಂದ ಅರ್ಧ ಗಂಟೆಯೂ ಇಲ್ಲ. ಹಳೆಯ ಕೋಟೆ ಗೋಡೆಯ ಮೇಲೆ ನಡೆಯೋಕೆ ದುಡ್ಡಿಲ್ಲ. ವಸಂತದಲ್ಲಿ ಅದರ ಇಳಿಜಾರು ತುಂಬಾ ಹಳದಿ ಡ್ಯಾಫೋಡಿಲ್ ಹೂವು. ರೈಲ್ವೆ ಮ್ಯೂಸಿಯಂ ಕೂಡ ಉಚಿತ.

ಎಲ್ಲರಿಗೂ ರಜೆ ಇರುವ ದಿನ ಸೆಟಲ್-ಕಾರ್ಲೈಲ್ ರೈಲು ಹಿಡಿಯಿರಿ. ಲೀಡ್ಸ್‌ನಿಂದಲೇ ಹೊರಡುತ್ತದೆ. ಪ್ರಯಾಣಿಕರಿಗೆ 1876ರಲ್ಲಿ ತೆರೆದ ಈ ದಾರಿಯನ್ನು ಮುಚ್ಚಲು ಹೊರಟಿದ್ದರು. ಜನ ವರ್ಷಗಟ್ಟಲೆ ಹೋರಾಡಿ 1989ರಲ್ಲಿ ಉಳಿಸಿಕೊಂಡರು. ರಿಬಲ್‌ಹೆಡ್‌ನಲ್ಲಿ ಇಳಿದು 24 ಕಮಾನಿನ ಕಲ್ಲಿನ ಸೇತುವೆಯ ಕೆಳಗೆ ನಡೆಯಿರಿ. ಸುತ್ತ ಗಾರೆಯಿಲ್ಲದ ಕಲ್ಲು ಬೇಲಿಗಳು, ಈಗಷ್ಟೇ ಹುಟ್ಟಿದ ಕುರಿಮರಿಗಳು. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ಮರಿ ಮುದ್ದಾಗಿದೆ ಅಂತ ಹತ್ತಿರ ಹೋಗಬೇಡಿ, ತಾಯಿ ಕುರಿ ಬೆದರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಲೀಡ್ಸ್, ಯಾರ್ಕ್ ಇರುವ ಯಾರ್ಕ್‌ಷೈರ್ ಕಡೆಯ ಎಷ್ಟೋ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಯಾವ ಎಣ್ಣೆ ಅಂತ ಕೇಳಿಯೇ ಕೊಳ್ಳಿ. ಊಟದ ಜೊತೆ ಕೊಡುವ, ಹಿಟ್ಟಿನ ಯಾರ್ಕ್‌ಷೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ.

ಹೆಜ್ಜೆ 7: ಹೊರಡುವ ದಿನ

ಬೆಳಿಗ್ಗೆ ಎದ್ದು ನಿಮ್ಮ ಹಾಸಿಗೆಯ ಬೆಡ್‌ಶೀಟ್, ದಿಂಬಿನ ಕವರ್ ತೆಗೆದು ವಾಷಿಂಗ್ ಮಷಿನ್‌ಗೆ ಹಾಕಿ. ಅವರು ಕೊಟ್ಟಿದ್ದ ಮನೆ ಕೀಲಿಯನ್ನು ಕೈಗೇ ಕೊಡಿ. ಉಳಿದ ಪುಡಿಗಳ ಡಬ್ಬಿ ಅಲ್ಲೇ ಇರಲಿ. ಹಲ್‌ನಿಂದ ಹಡಗು ಹೊರಡುವುದು ರಾತ್ರಿ. ಮಧ್ಯಾಹ್ನದ ಊಟ ಅವರ ಜೊತೆಯಲ್ಲೇ ಮುಗಿಸಿ, 3 ಗಂಟೆ ಹೊತ್ತಿಗೆ ಲೀಡ್ಸ್ ಬಿಟ್ಟರೆ ಸಾಕು.