ಒಂದೇ ಕೈಯಲ್ಲಿ ತೆಗೆಯಬಹುದಾದ ಕನ್ನಡಕ

ರನ್‌ವೇ ಇನ್ನೂ ಎಂಟು ಮೈಲಿ ದೂರ. ಸೂರ್ಯ ಮುಳುಗುವ ಹೊತ್ತು, ನಾನು ವಿಮಾನ ಹಾರಿಸುತ್ತಿದ್ದದ್ದೂ ಪಶ್ಚಿಮಕ್ಕೇ. ವಿಮಾನ ನಿಲ್ದಾಣದ ಟವರ್ ಫ್ರೀಕ್ವೆನ್ಸಿಗೆ ಬದಲಾಯಿಸಿ ಅಂತ ರೇಡಿಯೋದಲ್ಲಿ ಹೇಳಿದರು. ರೇಡಿಯೋ ನೋಡಿದರೆ ಅಂಕಿಗಳೇ ಇಲ್ಲ, ಪರದೆ ಪೂರ್ತಿ ಕಪ್ಪು. ಕೆಟ್ಟುಹೋಯಿತಾ ಅಂತ ಗುಂಡಿ ತಿರುಗಿಸಿದೆ. ಗಾಬರಿಯಲ್ಲಿ ತಲೆ ವಾಲಿಸಿದಾಗ ಅಂಕಿಗಳು ಮೆಲ್ಲಗೆ ಮೂಡಿದವು. ರೇಡಿಯೋ ಸರಿಯಾಗೇ ಇತ್ತು. ತಪ್ಪು ನನ್ನ ಮೂಗಿನ ಮೇಲಿತ್ತು: ಹಿಂದಿನ ವಾರ ಆಸೆಪಟ್ಟು ಕೊಂಡಿದ್ದ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಪೋಲರೈಸ್ಡ್ ಕೂಲಿಂಗ್ ಗ್ಲಾಸ್.

ತೆಗೆಯೋಣ ಅಂದರೆ ಅದರ ದಪ್ಪ ಕಡ್ಡಿಗಳು ಹೆಡ್‌ಸೆಟ್ ಕೆಳಗೆ ಸಿಕ್ಕಿಕೊಂಡಿದ್ದವು. ಎರಡೂ ಕೈ ಬೇಕಾಯಿತು. ಆ ಅರ್ಧ ನಿಮಿಷ ವಿಮಾನ ತನ್ನ ಪಾಡಿಗೆ ತಾನು ಹಾರಿತು. ಅವತ್ತಿನಿಂದ ನನಗೆ ಕನ್ನಡಕದ ಮೊದಲ ಪರೀಕ್ಷೆ ಒಂದೇ: ಹೆಡ್‌ಸೆಟ್ ಹಾಕಿಕೊಂಡೇ, ಒಂದು ಕೈಯಲ್ಲಿ, ನೋಡದೆ ತೆಗೆದು ಮತ್ತೆ ಹಾಕೋಕೆ ಆಗಬೇಕು. ಮೋಡದ ಕೆಳಗೆ ನುಗ್ಗಿದರೆ ಬೆಳಕು ಎರಡೇ ಸೆಕೆಂಡಿನಲ್ಲಿ ಬದಲಾಗುತ್ತದೆ. ಅಷ್ಟು ಬೇಗ ಬದಲಾಗುವ ಲೆನ್ಸ್ ನಾನಂತೂ ಕಂಡಿಲ್ಲ.

ಹಾಗಾಗಿ ಲೆನ್ಸ್‌ಗಿಂತ ಮೊದಲು ಫ್ರೇಮ್ ನೋಡಿ. ತೆಳುವಾದ, ನೇರವಾದ ಲೋಹದ ಕಡ್ಡಿ ಒಳ್ಳೆಯದು. ಕಿವಿಯ ಹಿಂದೆ ಕೊಕ್ಕೆಯಂತೆ ಬಾಗಿದ್ದರೆ ತೆಗೆಯುವಾಗ ಹೆಡ್‌ಸೆಟ್ಟನ್ನೂ ಎಳೆದುಕೊಂಡು ಬರುತ್ತದೆ. ಕಡ್ಡಿ ದಪ್ಪ ಇದ್ದಷ್ಟೂ ಕಿವಿಯ ಮೆತ್ತೆ ಮತ್ತು ಕೆನ್ನೆಯ ನಡುವೆ ಸಂದಿ ಬೀಳುತ್ತದೆ, ಎಂಜಿನ್ ಸದ್ದು ಒಳಗೆ ಸೋರುತ್ತದೆ. ಅಗಲವಾದ ಕಡ್ಡಿ ಪಕ್ಕದ ನೋಟವನ್ನೂ ಮರೆಮಾಡುತ್ತದೆ. ಕೊಳ್ಳಲು ಹೋಗುವಾಗ ಹೆಡ್‌ಸೆಟ್ ತೆಗೆದುಕೊಂಡು ಹೋಗಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಎರಡನ್ನೂ ಹಾಕಿಕೊಂಡು ಇಪ್ಪತ್ತು ನಿಮಿಷ ಸುಮ್ನೆ ಕೂತರೆ ಎಲ್ಲಿ ಒತ್ತುತ್ತದೆ ಅಂತ ಗೊತ್ತಾಗುತ್ತದೆ.

ಪೋಲರೈಸ್ಡ್ ಯಾಕೆ ಬೇಡ? ಎಲ್‌ಸಿಡಿ ಪರದೆಯಿಂದ ಬರುವ ಬೆಳಕೇ ಒಂದು ದಿಕ್ಕಿಗೆ ಪೋಲರೈಸ್ ಆಗಿರುತ್ತದೆ. ಲೆನ್ಸ್ ಅದಕ್ಕೆ ಅಡ್ಡ ಬಿದ್ದರೆ ಪರದೆ ಕಪ್ಪು. ವಿಮಾನದ ಅಕ್ರಿಲಿಕ್ ವಿಂಡ್‌ಶೀಲ್ಡ್‌ನಲ್ಲಿ ಕಾಮನಬಿಲ್ಲಿನಂಥ ಪಟ್ಟೆಗಳು ಬೇರೆ ಕಾಣುತ್ತವೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ದೂರದ ವಿಮಾನ ಎಷ್ಟೋ ಸಲ ಕಣ್ಣಿಗೆ ಬೀಳುವುದು ರೆಕ್ಕೆ ಮೇಲಿನ ಒಂದು ಮಿಂಚಿನಿಂದ. ಪೋಲರೈಸ್ಡ್ ಲೆನ್ಸ್ ಆ ಮಿಂಚನ್ನೇ ಅಳಿಸಿಬಿಡಬಹುದು. ನಿಮ್ಮ ಹತ್ತಿರ ಇರುವುದು ಯಾವುದು ಅಂತ ಅನುಮಾನವೇ? ಹಳೇ ಕ್ಯಾಲ್ಕುಲೇಟರ್ ಪರದೆ ಮುಂದೆ ಲೆನ್ಸ್ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಅಂಕಿಗಳು ಮಾಯವಾದರೆ ಅದು ಪೋಲರೈಸ್ಡ್. ಮೊಬೈಲ್ ಪರದೆ ನಂಬಬೇಡಿ, ಕೆಲವದರಲ್ಲಿ ಗೊತ್ತಾಗುವುದಿಲ್ಲ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬದಲಾಗುವ ಬೆಳಕಿಗೆ ಅದೇ ಸರಿ ಅನಿಸುತ್ತದೆ, ಅಲ್ವಾ? ಆದರೆ ಸಾಮಾನ್ಯವಾಗಿ ಅದನ್ನು ಕಪ್ಪಾಗಿಸುವುದು ಅಲ್ಟ್ರಾವಯಲೆಟ್ ಕಿರಣ. ವಿಂಡ್‌ಶೀಲ್ಡ್ ಆ ಕಿರಣವನ್ನು ಬಹಳಷ್ಟು ತಡೆಯುತ್ತದೆ. ಹಾರುವ ಮುಂಚೆ ವಿಮಾನದ ಸುತ್ತ ತಪಾಸಣೆ ಮಾಡುವಾಗ ಚೆನ್ನಾಗಿ ಕಪ್ಪಾಗುತ್ತದೆ, ಒಳಗೆ ಕೂತು ಸೂರ್ಯನ ಎದುರು ಹಾರುವಾಗ ಅರೆಬರೆ. ಕಪ್ಪಾದದ್ದು ತಿಳಿಯಾಗಲು ನಿಮಿಷಗಳೇ ಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ.

ನಾನು ಹಾಕುವುದು ಬೂದು ಬಣ್ಣದ ಗ್ರೇಡಿಯಂಟ್ ಲೆನ್ಸ್: ಮೇಲೆ ಗಾಢ, ಕೆಳಗೆ ತಿಳಿ. ಆಕಾಶ ತಣ್ಣಗೆ ಕಾಣುತ್ತದೆ, ಕಣ್ಣು ಇಳಿಸಿದರೆ ನೆರಳಲ್ಲಿರುವ ಮೀಟರ್‌ಗಳೂ ಕಾಣುತ್ತವೆ. ಎಷ್ಟು ಕಪ್ಪಿರಬೇಕು ಅಂದರೆ, ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಪೈಲಟ್‌ಗಳಿಗೆ ಹೇಳುವುದು 70ರಿಂದ 85% ಬೆಳಕು ತಡೆಯುವ ಲೆನ್ಸ್. ಕನ್ನಡಕದ ಲೇಬಲ್‌ನಲ್ಲಿ ಕೆಟಗರಿ 4 (ಅತಿ ಗಾಢ) ಅಂತಿದ್ದರೆ ಬಿಟ್ಟುಬಿಡಿ, ಅದು ಕಾರು ಓಡಿಸಲಿಕ್ಕೂ ಸಲ್ಲದು. ಬೂದು ಲೆನ್ಸ್ ಬಣ್ಣಗಳನ್ನು ಎಲ್ಲಕ್ಕಿಂತ ಕಡಿಮೆ ಕೆಡಿಸುತ್ತದೆ. ಮಬ್ಬಿನಲ್ಲಿ ಕಂದು ಲೆನ್ಸ್ ಸ್ವಲ್ಪ ಸ್ಪಷ್ಟ ಅನ್ನುವವರಿದ್ದಾರೆ, ಅದು ಅವರವರ ಕಣ್ಣಿಗೆ ಬಿಟ್ಟದ್ದು. ಹಳದಿ, ಕಿತ್ತಳೆ ಮಾತ್ರ ಬೇಡ. ರೇಡಿಯೋ ಕೈಕೊಟ್ಟ ದಿನ ಟವರ್ ತೋರಿಸುವ ಕೆಂಪು, ಹಸಿರು, ಬಿಳಿ ದೀಪಗಳನ್ನು ಗುರುತಿಸಬೇಕಲ್ಲ.

ಪವರ್ ಇರುವವರಿಗೆ ಒಂದು ಮಾತು. ನಲವತ್ತೈದು ದಾಟಿದ ಮೇಲೆ ನನಗೂ ಪ್ರೋಗ್ರೆಸಿವ್ ಬಂತು, ಅಂದರೆ ಮೇಲೆ ದೂರದ, ಕೆಳಗೆ ಓದುವ ಪವರ್ ಇರುವ ಲೆನ್ಸ್. ಮೊದಲ ಸಲ ಹಾಕಿಕೊಂಡು ಇಳಿಯುವಾಗ ನೆಲ ಎಷ್ಟು ಹತ್ತಿರ ಇದೆ ಅಂತಲೇ ತಿಳಿಯಲಿಲ್ಲ. ಓದುವ ಭಾಗದಿಂದ ರನ್‌ವೇ ನೋಡುತ್ತಿದ್ದೆ! ಚಕ್ರ ಧಡ್ ಅಂತ ಬಡಿದು ಉತ್ತರ ಕೊಟ್ಟಿತು. ಆಮೇಲೆ ಟೇಪ್ ಹಿಡಿದು ನಿಂತ ವಿಮಾನದಲ್ಲಿ ಕೂತೆ. ಕಣ್ಣಿನಿಂದ ಮೀಟರ್‌ಗಳಿರುವ ಪ್ಯಾನೆಲ್‌ಗೆ 75 ಸೆಂ.ಮೀ., ತೊಡೆ ಮೇಲಿನ ಚಾರ್ಟ್‌ಗೆ 50. ಈ ಎರಡು ಅಂಕಿ ಬರೆದುಕೊಂಡು ಹೋಗಿ ಕನ್ನಡಕದ ಅಂಗಡಿಯವರಿಗೆ ಕೊಟ್ಟ ಮೇಲೆ ಓದುವ ಭಾಗವನ್ನು ಕೆಳಗಿಟ್ಟು, ಪ್ಯಾನೆಲ್ ದೂರಕ್ಕೆ ಹೊಂದಿಸಿ ಮಾಡಿಕೊಟ್ಟರು. ನೀವೂ ಅಳೆದುಕೊಂಡೇ ಹೋಗಿ.

ಪೈಲಟ್‌ನ ವೈದ್ಯಕೀಯ ಪ್ರಮಾಣಪತ್ರದಲ್ಲಿ ಕನ್ನಡಕ ಕಡ್ಡಾಯ ಅಂತ ಬರೆದಿದ್ದರೆ ಇನ್ನೊಂದು ಜೊತೆ ಕೈಗೆ ಸಿಗುವಂತೆ ಇರಲೇಬೇಕು, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ನಿಯಮವೇ ಅದು. ಕೈಗೆ ಸಿಗುವಂತೆ ಅಂದರೆ ಹಿಂದಿನ ಸೀಟಿನ ಬ್ಯಾಗಿನಲ್ಲಿ ಅಲ್ಲ. ಪವರ್ ಕನ್ನಡಕದ ಮೇಲೆ ಮ್ಯಾಗ್ನೆಟ್‌ನಿಂದ ಕೂರುವ ಕಪ್ಪು ಕ್ಲಿಪ್-ಆನ್ ಚೆನ್ನಾಗಿದೆ, ಬೇಗ ಕಳಚುತ್ತದೆ. ಆದರೆ ಅದನ್ನು ಪ್ಯಾನೆಲ್ ಮೇಲೆ ಇಟ್ಟು ಕಂಪಾಸ್ ಮುಳ್ಳು ಅತ್ತಿತ್ತ ಓಡಿದ್ದನ್ನು ನಾನೇ ನೋಡಿದ್ದೇನೆ.

ಸಂಜೆಯ ಲೆಕ್ಕ ಬೇರೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಸುಮಾರು 30 ನಿಮಿಷ ಬೇಕು. ಹಗಲೆಲ್ಲ ಬರಿಗಣ್ಣಲ್ಲಿ ಬಿಸಿಲು ಕುಡಿದಿದ್ದರೆ ಇನ್ನೂ ತಡ. ಅದಕ್ಕೇ ರಾತ್ರಿ ಹಾರುವುದಿದ್ದರೆ ಮಧ್ಯಾಹ್ನವೇ ಕೂಲಿಂಗ್ ಗ್ಲಾಸ್ ಹಾಕಿ. ನೆರಳುಗಳು ಬಣ್ಣ ಕಳೆದುಕೊಳ್ಳಲು ಶುರುವಾದ ಕೂಡಲೇ ನಾನು ತೆಗೆದುಬಿಡುತ್ತೇನೆ, ಸೂರ್ಯ ಪೂರ್ತಿ ಮುಳುಗಲಿ ಅಂತ ಕಾಯುವುದಿಲ್ಲ. ತಗ್ಗಿನ ಸೂರ್ಯ ನೇರ ಎದುರಿಗಿದ್ದರೆ ಲೆನ್ಸ್‌ಗಿಂತ ಟೋಪಿಯ ಅಂಚು ಮೇಲು. ಹೊರಡುವ ಮುಂಚೆ ವಿಂಡ್‌ಶೀಲ್ಡನ್ನು ನೀರು ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿ. ಆ ಬೆಳಕಿನಲ್ಲಿ ಒಂದೊಂದು ಸತ್ತ ಹುಳವೂ ಎದುರಿಗೆ ಬರುವ ವಿಮಾನದಂತೆ ಕಾಣುತ್ತದೆ.

ಆ ಪೋಲರೈಸ್ಡ್ ಈಗ ಗಾಳ ಹಾಕುವ ನಮ್ಮ ಭಾವನ ಹತ್ತಿರ ಇದೆ. ನೀರಿನ ಅಡಿಯ ಮೀನು ಕೂಡ ಕಾಣುತ್ತದೆ ಅಂತ ಅವರಿಗೆ ಖುಷಿಯೋ ಖುಷಿ.