ರಿವರ್ಸ್ ಕ್ಯಾಮೆರಾ ಬೇಕಾ? ಒಂದು ಬಕೆಟ್ ಇಟ್ಟು ನೋಡಿ

ಹೊಸ ಕಾರು ನೋಡಲು ಹೋದರೆ ಶೋರೂಮಿನವರು ಮೊದಲು ತೋರಿಸುವುದೇ ಪರದೆ. ಕ್ಯಾಮೆರಾ ಇದೆ, ತಾನೇ ಬ್ರೇಕ್ ಹಾಕುತ್ತದೆ, ಲೇನ್ ತಪ್ಪಿದರೆ ಕೂಗುತ್ತದೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇದರಲ್ಲಿ ನಿಮಗೆ ಯಾವುದು ಬೇಕು? ಬ್ರೋಷರ್ ಪಕ್ಕಕ್ಕಿಡಿ. ಒಂದು ಬಕೆಟ್, ಸೀಮೆಸುಣ್ಣ, ಜೊತೆಗೊಬ್ಬರು ಸಾಕು.

ಹಂತ 1: ಕಾಣದ ಜಾಗ ಅಳೆಯಿರಿ

ಕಾರನ್ನು ಸಮತಟ್ಟಾದ ಖಾಲಿ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಿಂದಿನ ಬಂಪರ್‌ಗೆ ತಾಗಿಸಿ ಬಕೆಟ್ ಇಟ್ಟು ಸೀಟಿನಲ್ಲಿ ಕುಳಿತುಕೊಳ್ಳಿ. ಮೂರೂ ಕನ್ನಡಿ ನೋಡಿ, ಕುತ್ತಿಗೆ ತಿರುಗಿಸಿಯೂ ನೋಡಿ. ಬಕೆಟ್ ಕಾಣುವುದಿಲ್ಲ. ಈಗ ಜೊತೆಯವರಿಗೆ ಅದನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸಲು ಹೇಳಿ. ಬಕೆಟ್ಟಿನ ಬಾಯಿ ಹಿಂದಿನ ಗಾಜಿನಲ್ಲಿ ಮೊದಲು ಕಂಡಲ್ಲಿ ನೆಲದ ಮೇಲೆ ಗೆರೆ ಎಳೆಯಿರಿ.

ಇಳಿದು ಹೋಗಿ ಆ ಗೆರೆಯ ಹತ್ತಿರ ನಿಂತು ನೋಡಿ. ಬಂಪರ್ ಅಷ್ಟು ದೂರದಲ್ಲಿದೆಯಾ ಅನ್ನಿಸುತ್ತದೆ. ಕಾರು ಎತ್ತರವಾದಷ್ಟೂ, ಚಾಲಕರು ಕುಳ್ಳಗಿದ್ದಷ್ಟೂ ಗೆರೆ ಇನ್ನೂ ದೂರ ಹೋಗುತ್ತದೆ. ನೆಲದ ಮೇಲೆ ಕುಳಿತು ಆಡುವ ಮಗುವೂ ಹೆಚ್ಚುಕಡಿಮೆ ಬಕೆಟ್ಟಿನಷ್ಟೇ ಎತ್ತರ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ರಿವರ್ಸ್ ಕ್ಯಾಮೆರಾ ಕಡ್ಡಾಯ. ಅದಕ್ಕೆ ದಾರಿ ಮಾಡಿದ ಕಾನೂನಿಗೆ, ಅಪ್ಪ ಹಿಂದಕ್ಕೆ ತೆಗೆಯುತ್ತಿದ್ದ ಕಾರಿನಡಿ ಸಿಕ್ಕಿ ಸತ್ತ ಎರಡು ವರ್ಷದ ಮಗುವಿನ ಹೆಸರಿದೆ.

ಹಂತ 2: ಪರದೆಯ ಗೆರೆಗಳನ್ನು ಪರೀಕ್ಷಿಸಿ

ಜೊತೆಯವರು ಪೂರ್ತಿ ಪಕ್ಕಕ್ಕೆ ಬರಲಿ. ಬಕೆಟ್ ಅಲ್ಲೇ ಇರಲಿ. ಕ್ಯಾಮೆರಾ ಇರುವ ಕಾರಾದರೆ, ರಿವರ್ಸ್ ಗೇರ್ ಹಾಕಿದಾಗ ಪರದೆಯಲ್ಲಿ ದೂರ ತೋರಿಸುವ ಬಣ್ಣದ ಗೆರೆಗಳು ಮೂಡುತ್ತವೆ. ನಿಧಾನವಾಗಿ ಹಿಂದೆ ಬಂದು, ಅದರಲ್ಲಿನ ಕೆಂಪು ಗೆರೆ ಬಕೆಟ್ಟಿನ ಬುಡ ಮುಟ್ಟಿದಾಗ ನಿಲ್ಲಿಸಿ, ಇಳಿದು ಅಳೆಯಿರಿ. ಕ್ಯಾಮೆರಾದ ಲೆನ್ಸ್ ಅಗಲ ನೋಟದ್ದು. ಹಾಗಾಗಿ ಹತ್ತಿರದ ವಸ್ತುವೂ ದೂರ ಇದ್ದಂತೆ ಕಾಣುತ್ತದೆ. ನಿಮ್ಮ ಕಾರಿನಲ್ಲಿ ಕೆಂಪು ಎಂದರೆ ಎಷ್ಟು ಗೇಣು ಅಂತ ಒಮ್ಮೆ ಅಳೆದುಕೊಂಡರೆ ಆಮೇಲೆ ಗಾಬರಿ ಇರುವುದಿಲ್ಲ. ಇದನ್ನೇ ರಾತ್ರಿ ಇನ್ನೊಮ್ಮೆ ಮಾಡಿ. ಮಳೆಯಲ್ಲಿ ಓಡಿಸಿ ಬಂದ ಮೇಲೂ ಪರದೆ ನೋಡಿ. ಲೆನ್ಸ್ ಮೇಲೆ ಒಂದು ಹನಿ ಕೆಸರು ಕೂತರೆ ಮುಗಿಯಿತು, ಏನೂ ಕಾಣದು. ಮೆತ್ತನೆ ಬಟ್ಟೆಯೊಂದು ಕಾರಿನಲ್ಲಿರಲಿ.

ನನ್ನ ಕಾರಿನ ಮುಂದಿನ ಎಡಮೂಲೆಯಲ್ಲಿ ಒಂದು ಉದ್ದನೆಯ ಗೀರು ಇದೆ. ಕ್ಯಾಮೆರಾ ಇದ್ದೂ ಆದದ್ದು, ಅಲ್ಲ, ಕ್ಯಾಮೆರಾ ಇದ್ದುದರಿಂದಲೇ ಆದದ್ದು. ಸ್ಟೀರಿಂಗ್ ಬಲಕ್ಕೆ ತಿರುಗಿಸಿ ಹಿಂದೆ ಬಂದರೆ ಮೂತಿ ಎಡಕ್ಕೆ ಬೀಸುತ್ತದೆ. ನಾನು ಪರದೆಯನ್ನೇ ನೋಡುತ್ತಾ ಕೂತಿದ್ದೆ, ಪಕ್ಕದಲ್ಲಿ ಕಂಬ ಇತ್ತು. ಪರದೆ, ಎಡಗನ್ನಡಿ, ಬಲಗನ್ನಡಿ, ಮುಂದಿನ ಮೂಲೆ, ಮತ್ತೆ ಪರದೆ: ಕಣ್ಣು ಹೀಗೆ ಸುತ್ತುತ್ತಲೇ ಇರಬೇಕು.

ಹಂತ 3: ಉಳಿದದ್ದನ್ನು ಮೂರು ಗುಂಪು ಮಾಡಿ

ತೋರಿಸುವುದು, ಕೂಗುವುದು, ತಾನೇ ಬ್ರೇಕ್ ಹಾಕುವುದು. ಈ ಮೂರೂ ಒಂದೇ ಅಲ್ಲ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಸಂಸ್ಥೆ ಅಪಘಾತದ ದಾಖಲೆಗಳನ್ನು ಹೋಲಿಸಿ ನೋಡಿದೆ. ಬರೀ ಕ್ಯಾಮೆರಾದಿಂದ ರಿವರ್ಸ್ ಅಪಘಾತ ಕಡಿಮೆಯಾದದ್ದು ಶೇ 17. ಅದರ ಜೊತೆ, ಹಿಂದೆ ಏನಾದರೂ ಹತ್ತಿರವಾದರೆ ಬೀಪ್ ಎನ್ನುವ ಸೆನ್ಸರ್ ಮತ್ತು ಹಿಂದೆ ಬರುವಾಗ ತಾನೇ ಬೀಳುವ ಆಟೊ ಬ್ರೇಕ್ ಸೇರಿದರೆ ಶೇ 78. ಕ್ಯಾಮೆರಾ ತೋರಿಸಬಲ್ಲದು, ನೋಡಬೇಕಾದವರು ನಾವು. ಅಲ್ಲೇ ಎಡವುವುದು, ಅಲ್ವಾ? ಮುಂದಿನ ಆಟೊ ಬ್ರೇಕ್ ಕೂಡ ಎದುರಿನ ವಾಹನದ ಬೆನ್ನಿಗೆ ಗುದ್ದುವ ಅಪಘಾತಗಳನ್ನು ಸುಮಾರು ಅರ್ಧಕ್ಕೆ ಇಳಿಸಿದೆ.

ಹಾಗಾಗಿ ದುಡ್ಡು ಅಷ್ಟಕ್ಕಷ್ಟೇ ಇದ್ದರೆ ನಾನಂತೂ ಬ್ರೇಕ್ ಹಾಕುವವಕ್ಕೇ ಮೊದಲು ಕೊಡುತ್ತೇನೆ. ಕನ್ನಡಿಗೆ ಕಾಣದ ಪಕ್ಕದ ಜಾಗದಲ್ಲಿ ವಾಹನ ಇದ್ದರೆ ಪಕ್ಕದ ಕನ್ನಡಿಯಲ್ಲಿ ಬೆಳಗುವ ಬ್ಲೈಂಡ್ ಸ್ಪಾಟ್ ದೀಪ ಆಮೇಲೆ. ಲೇನ್ ಎಚ್ಚರಿಕೆ ಕೊನೆಗೆ, ಯಾಕೆಂದರೆ ರಸ್ತೆಯ ಬಿಳಿ ಪಟ್ಟೆ ಮಾಸಿದ್ದರೆ ಅದಕ್ಕೆ ದಿಕ್ಕೇ ತೋಚದು. ಮುಂದಿನ ಕಾರಿನಿಂದ ಅಂತರ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಕಾಲಿಗೆ ಆರಾಮ. ಆದರೆ ಕಣ್ಣಿಗೂ ಕೈಗೂ ರಜೆ ಇಲ್ಲ.

ಹಂತ 4: ಟೆಸ್ಟ್ ಡ್ರೈವ್‌ನಲ್ಲಿ ಕೇಳಿ

ಆಟೊ ಬ್ರೇಕ್ ಎಷ್ಟು ವೇಗದವರೆಗೆ ಕೆಲಸ ಮಾಡುತ್ತದೆ? ನಡೆದು ಹೋಗುವವರನ್ನು, ದ್ವಿಚಕ್ರ ವಾಹನವನ್ನು ಗುರುತಿಸುತ್ತದೆಯೇ? ರಾತ್ರಿಯೂ? ಬೀಪ್ ಸದ್ದನ್ನು ಕಡಿಮೆ ಮಾಡಬಹುದೇ? ಈ ಕೊನೆಯದನ್ನು ಸುಮ್ನೆ ಕೇಳುತ್ತಿಲ್ಲ. ಮಾತಿಗೊಮ್ಮೆ ಕೂಗುವ ಯಂತ್ರವನ್ನು ಜನ ವಾರದೊಳಗೆ ಆಫ್ ಮಾಡಿಬಿಡುತ್ತಾರೆ.

ಮುಂದಿನ ಗಾಜು ಒಡೆದರೆ ಖರ್ಚೆಷ್ಟು ಅಂತಲೂ ಕೇಳಿ. ಆಟೊ ಬ್ರೇಕ್‌ಗಾಗಿ ಎದುರಿನ ರಸ್ತೆ ನೋಡುವ ಕ್ಯಾಮೆರಾ ಹೆಚ್ಚಾಗಿ ಆ ಗಾಜಿನ ಹಿಂದೆಯೇ ಕೂತಿರುತ್ತದೆ. ಗಾಜು ಬದಲಿಸಿದ ಮೇಲೆ ಅದನ್ನು ಮತ್ತೆ ಕ್ಯಾಲಿಬ್ರೇಟ್, ಅಂದರೆ ಅದರ ನೋಟ ಸರಿಯಾಗಿ ಹೊಂದಿಸಿ ಕೊಡುವ ಕೆಲಸ, ಮಾಡಿಸಬೇಕಾಗುತ್ತದೆ, ಅದರ ಬಿಲ್ ಬೇರೆ. ಇನ್ನೊಂದು: ಆಟೊ ಬ್ರೇಕ್ ಕೆಲಸ ಮಾಡುತ್ತಾ ನೋಡೋಣ ಅಂತ ಯಾರನ್ನೂ ಕಾರಿನ ಎದುರು ನಿಲ್ಲಿಸಬೇಡಿ. ತಮಾಷೆಗೂ ಬೇಡ.

ಹಳೆ ಕಾರು ಇದ್ದರೆ

ಆಟೊ ಬ್ರೇಕ್ ಆಸೆ ಬಿಡಿ, ಅದು ಹೊರಗಿನಿಂದ ತಂದು ಜೋಡಿಸುವ ವಸ್ತುವಲ್ಲ. ಕ್ಯಾಮೆರಾ ಮಾತ್ರ ಸುಲಭ. ರಿವರ್ಸ್ ಲೈಟಿನ ವೈರ್‌ನಿಂದ ಕರೆಂಟ್ ಕೊಟ್ಟರೆ ಗೇರ್ ಹಾಕಿದ ಕೂಡಲೇ ಚಿತ್ರ ಬರುತ್ತದೆ. ಬಂಪರ್‌ಗೆ ಸೆನ್ಸರ್ ಕೂಡ ಹಾಕಿಸಬಹುದು, ಆದರೆ ತೆಳ್ಳನೆಯ ಕಂಬಿ ಅದರ ಲೆಕ್ಕಕ್ಕೆ ಸಿಗದೆ ಹೋಗಬಹುದು. ಹಾಕಿಸಲು ಹೋಗುವಾಗ ಬಕೆಟ್ಟನ್ನೂ ಒಯ್ಯಿರಿ. ಬಂಪರ್‌ಗೆ ತಾಗಿಸಿಟ್ಟ ಬಕೆಟ್ ಪರದೆಯಲ್ಲಿ ಕಾಣದಿದ್ದರೆ ಕ್ಯಾಮೆರಾದ ಮೂತಿ ಮೇಲಾಗಿದೆ ಅಂತ ಅರ್ಥ. ಸ್ಕ್ರೂ ಬಿಗಿ ಮಾಡುವ ಮೊದಲೇ ಕೆಳಕ್ಕೆ ಬಗ್ಗಿಸಿಕೊಳ್ಳಿ.