ನೇಟಿವ್ ಲೈಬ್ರರಿಯ ಕರೆಯಲ್ಲಿ ದೋಷ ಹುಡುಕುವ ಬಗೆ

ಪೈಥಾನ್‌ನ ಸಿಟೈಪ್ಸ್ (ಸಿ ಕೋಡನ್ನು ಕರೆಯಲು ನೆರವಾಗುವ ಮಾಡ್ಯೂಲ್) ಮೂಲಕ ಸಿ ಭಾಷೆಯ ಶೇರ್ಡ್ ಲೈಬ್ರರಿಯೊಂದನ್ನು ಕರೆದಾಗ ಪ್ರೋಗ್ರಾಂ 'ಸೆಗ್ಮೆಂಟೇಶನ್ ಫಾಲ್ಟ್' (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ ದೋಷ) ಎಂದಷ್ಟೇ ಹೇಳಿ ನಿಂತುಹೋದರೆ, ಲೈಬ್ರರಿಯನ್ನು ದೂರುವ ಮೊದಲು ನಾವು ಬರೆದ ಡಿಕ್ಲರೇಶನ್‌ಗಳನ್ನು ಲೈಬ್ರರಿಯ ಫಂಕ್ಷನ್ ಮತ್ತು ಟೈಪ್‌ಗಳನ್ನು ವಿವರಿಸುವ ಹೆಡರ್ ಫೈಲಿನ ಪಕ್ಕದಲ್ಲಿಟ್ಟು ಓದಬೇಕು. ಎರಡೂ ಕಡೆಯ ಟೈಪ್‌ಗಳು ತಾಳೆಯಾಗುತ್ತವೆಯೇ ಎಂದು ನೋಡುವ ಕಂಪೈಲರ್ ಈ ಗಡಿಯಲ್ಲಿ ಇರುವುದಿಲ್ಲ.

ಮೊದಲ ಅನುಮಾನ ರಿಟರ್ನ್ ಟೈಪ್ ಮೇಲಿರಲಿ. ಅದನ್ನು ತಿಳಿಸುವ ರೆಸ್‌ಟೈಪ್ ಹೇಳದಿದ್ದರೆ ಫಂಕ್ಷನ್ 32 ಬಿಟ್‌ನ ಇಂಟ್ ಹಿಂದಿರುಗಿಸುತ್ತದೆ ಎಂದು ಸಿಟೈಪ್ಸ್ ಭಾವಿಸುತ್ತದೆ. ಲೈಬ್ರರಿ ಕೊಟ್ಟ ಪಾಯಿಂಟರ್ (ಮೆಮೊರಿ ವಿಳಾಸ) ಹೆಕ್ಸ್‌ನಲ್ಲಿ 558120946730 ಆಗಿದ್ದರೆ ನಮ್ಮ ಕೈಗೆ ಸಿಗುವುದು 20946730 ಮಾತ್ರ. ಅದನ್ನೇ ಮುಂದಿನ ಕರೆಗೆ ಕೊಟ್ಟಾಗ, ಯಾವ ತಪ್ಪೂ ಇಲ್ಲದ ಆ ಎರಡನೆಯ ಫಂಕ್ಷನ್ ಕುಸಿಯುತ್ತದೆ. ಆದ್ದರಿಂದ ಪ್ರತಿ ಫಂಕ್ಷನ್‌ಗೂ ಆರ್ಗ್‌ಟೈಪ್ಸ್ (ಆರ್ಗ್ಯುಮೆಂಟ್‌ಗಳ ಟೈಪ್‌ಗಳು) ಮತ್ತು ರೆಸ್‌ಟೈಪ್ ಎರಡನ್ನೂ ಬರೆಯುವುದು ನನ್ನ ಮಟ್ಟಿಗೆ ಕಡ್ಡಾಯ. ಲಾಂಗ್ ಟೈಪ್ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್ ಎಂಬುದೂ ನೆನಪಿರಲಿ.

ಫಂಕ್ಷನ್ ಸಿಗುತ್ತಲೇ ಇಲ್ಲವೆಂದಾದರೆ ಎನ್‌ಎಂ ಕಮಾಂಡ್‌ನಿಂದ ಸಿಂಬಲ್ ಪಟ್ಟಿ, ಅಂದರೆ ಲೈಬ್ರರಿಯೊಳಗಿನ ಹೆಸರುಗಳ ಪಟ್ಟಿ ನೋಡಿ. ಹೆಸರು ವಿಚಿತ್ರ ಅಕ್ಷರಗಳಿಂದ ಸುತ್ತುವರಿದಿದ್ದರೆ ಅದು ಹೆಸರುಗಳನ್ನು ಬದಲಿಸುವ ಸಿ++ ಕಂಪೈಲರ್‌ನ ಕೈಚಳಕ.

ಸ್ಟ್ರಕ್ಟ್‌ಗಳನ್ನು ಕಣ್ಣಳತೆಯಲ್ಲಿ ನಂಬಬಾರದು. ಒಂದು ಕ್ಯಾರ್, ಅದರ ಹಿಂದೆ ಒಂದು ಡಬಲ್ ಇದ್ದರೆ ಕಂಪೈಲರ್ ಖಾಲಿ ಬೈಟ್‌ಗಳನ್ನು ಸೇರಿಸುವುದರಿಂದ 64 ಬಿಟ್ ಯಂತ್ರದಲ್ಲಿ ಸಾಮಾನ್ಯವಾಗಿ 16 ಬೈಟ್ ಆಗುತ್ತದೆ. ಹೆಡರ್‌ನಲ್ಲಿ ಪ್ಯಾಕ್ 1 (ಖಾಲಿ ಬೈಟ್ ಬೇಡ) ಎಂದಿದ್ದರೆ 9. ನಾಲ್ಕು ಸಾಲಿನ ಸಿ ಪ್ರೋಗ್ರಾಂ ಬರೆದು ಸೈಜ್‌ಆಫ್ (ಒಟ್ಟು ಗಾತ್ರ) ಮತ್ತು ಆಫ್‌ಸೆಟ್‌ಆಫ್ (ಪ್ರತಿ ಫೀಲ್ಡ್‌ನ ಸ್ಥಾನ) ಮುದ್ರಿಸಿ ಪೈಥಾನ್ ಕಡೆಯ ಅಂಕಿಗಳೊಂದಿಗೆ ಹೋಲಿಸುವುದು ಊಹೆಗಿಂತ ಬೇಗ ಮುಗಿಯುವ ಕೆಲಸ.

ಕೆಲವು ನಿಮಿಷ ಸರಿಯಾಗಿ ಓಡಿ ಆಮೇಲೆ ಕುಸಿಯುವುದಾದರೆ ಕಾಲ್‌ಬ್ಯಾಕ್ ಕಡೆ, ಅಂದರೆ ಆಮೇಲೆ ಕರೆಯಲೆಂದು ಲೈಬ್ರರಿಗೆ ನಾವು ಕೊಟ್ಟ ಪೈಥಾನ್ ಫಂಕ್ಷನ್ ಕಡೆ ನೋಡಿ. ಲೈಬ್ರರಿ ಅದರ ವಿಳಾಸವನ್ನು ಇಟ್ಟುಕೊಂಡಿದ್ದರೂ ಪೈಥಾನ್‌ಗೆ ಅದು ತಿಳಿಯದು. ನಾವು ಆ ಆಬ್ಜೆಕ್ಟನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡದಿದ್ದರೆ ಗಾರ್ಬೇಜ್ ಕಲೆಕ್ಷನ್ ಅದನ್ನು ಅಳಿಸಿಬಿಡುತ್ತದೆ. ನಾನೂ ಒಮ್ಮೆ ಇದಕ್ಕೆ ಎರಡು ದಿನ ತೆತ್ತಿದ್ದೇನೆ.

ಇಷ್ಟಾದರೂ ಸುಳಿವು ಸಿಗದಿದ್ದರೆ ಪೈಥಾನ್‌ನ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್ ಚಾಲೂ ಮಾಡಿ ಕುಸಿದ ಪೈಥಾನ್ ಸಾಲನ್ನು ಪತ್ತೆ ಮಾಡಿ, ನಂತರ ಇಂಟರ್‌ಪ್ರಿಟರನ್ನೇ ಜಿಡಿಬಿ ಡಿಬಗ್ಗರ್‌ನಲ್ಲಿ ಓಡಿಸಿ ಆ ಫಂಕ್ಷನ್‌ನ ಬಾಗಿಲಲ್ಲೇ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ತಡೆದು ನಿಲ್ಲುವ ಗುರುತು) ಇಡಿ. ಎಕ್ಸ್86-64 ಲಿನಕ್ಸ್‌ನಲ್ಲಿ ಪೂರ್ಣಾಂಕ ಅಥವಾ ಪಾಯಿಂಟರ್ ಆದ ಮೊದಲೆರಡು ಆರ್ಗ್ಯುಮೆಂಟ್‌ಗಳು ಆರ್‌ಡಿಐ, ಆರ್‌ಎಸ್‌ಐ ರಿಜಿಸ್ಟರ್‌ಗಳಲ್ಲಿರುತ್ತವೆ. ನಾವು ಕಳಿಸಿದ್ದೂ ಅಲ್ಲಿಗೆ ತಲುಪಿದ್ದೂ ಒಂದೇ ಆಗಿದ್ದರೆ ಮಾತ್ರ ಲೈಬ್ರರಿಯ ಒಳಗೆ ಇಳಿಯಿರಿ.